ಗೀಜಗನ ಮನೆಗೆ ನೆಟ್ ಬೇಕಿಲ್ಲ

ಮೊನ್ನೆ ರಜೆಯಲ್ಲಿ ಪುಣೆಗೆ ಅಕ್ಕನ ಮಗನ ಮನೆಗೆ ಹೋಗಿದ್ದೆ. ಬಾಯಿಂದ ಹೇಳಿದರೆ ಸಾಕು, ಲೈಟು ಹತ್ತುತ್ತದೆ, ಫ್ಯಾನು ತಿರುಗುತ್ತದೆ. ನಾನೂ "ಲೈಟ್ ಹಚ್ಚಪಾ" ಎಂದೆ. ಸುಮ್ಮನೆ ಕುಳಿತಿತ್ತು. "ಮಾಮಾ, ಅದಕ್ಕ ಕನ್ನಡ ತಿಳಿಯಂಗಿಲ್ರಿ" ಎಂದು ಹುಡುಗ ನಕ್ಕ. ಸಂಜೆ ನೆಟ್ ಹೋಯಿತು. ಆಗ ಅದಕ್ಕೆ ಯಾವ ಭಾಷೆಯೂ ತಿಳಿಯಲಿಲ್ಲ!

ಇದು ಅವನೊಬ್ಬನ ಮನೆಯ ಕಥೆಯಲ್ಲ. 2025ರ ಅಕ್ಟೋಬರ್ 20ರಂದು ಅಮೆರಿಕದಲ್ಲಿ ಅಮೆಜಾನ್‌ನ ಸರ್ವರ್‌ಗಳು ಕೆಟ್ಟಾಗ ಎಷ್ಟೋ ಮನೆಗಳಲ್ಲಿ ಅಲೆಕ್ಸಾ ಮೂಕಾಯಿತು, ಬಾಗಿಲಿನ ರಿಂಗ್ ಕ್ಯಾಮೆರಾ ಕುರುಡಾಯಿತು. ಮನೆ ನಮ್ಮದು, ಅದರ ಬುದ್ಧಿ ಮಾತ್ರ ಬೇರೆಯವರ ಕೈಯಲ್ಲಿ.

ನಮ್ಮ ಜತ್ತ ಭಾಗದಲ್ಲಿ ಬಾವಿಯ ಮೇಲೆ ಬಾಗಿದ ಜಾಲಿ ಗಿಡಗಳಲ್ಲಿ ಗೀಜಗನ ಗೂಡು ನೋಡಿರುತ್ತೀರಿ. ಮರಾಠಿಯಲ್ಲಿ ಈ ಹಕ್ಕಿಗೆ 'ಸುಗರಣ', ಅಂದರೆ ಜಾಣ ಗೃಹಿಣಿ ಎನ್ನುತ್ತಾರೆ. ನಿಜವಾಗಿ ಕಟ್ಟುವವನು ಗಂಡು. ಹುಲ್ಲಿನ ಎಳೆ ಸೀಳಿ ತಂದು ಅರ್ಧ ಗೂಡು ಹೆಣೆಯುತ್ತಾನೆ. ಹೆಣ್ಣು ಬಂದು ಪರೀಕ್ಷೆ ಮಾಡಿ ಒಪ್ಪಿದರೆ ಮಾತ್ರ ಉಳಿದರ್ಧ ಮುಗಿಸಿ, ಕೆಳಗೆ ಉದ್ದ ಕೊಳವೆ ಬಾಗಿಲು ಇಡುತ್ತಾನೆ. ಹಾವು ಸುಲಭವಾಗಿ ಒಳಗೆ ಹೋಗಲಾರದು. ಕ್ಯಾಮೆರಾ ಇಲ್ಲ, ಪಾಸ್‌ವರ್ಡ್ ಇಲ್ಲ!

ಜೇನುಹುಳಗಳೂ ಅಷ್ಟೇ. ಮರಿಗಳಿರುವ ಜಾಗವನ್ನು ಸುಮಾರು 35 ಡಿಗ್ರಿಯಲ್ಲೇ ಇಡುತ್ತವೆ. ಸೆಕೆಯಾದರೆ ನೀರು ತಂದು ಹನಿಸಿ ರೆಕ್ಕೆಯಿಂದ ಗಾಳಿ ಬೀಸುತ್ತವೆ. ಗೆದ್ದಲಿನ ಹುತ್ತ ನೋಡಿ ಕಲಿತ ಮಿಕ್ ಪಿಯರ್ಸ್ ಎಂಬ ವಾಸ್ತುಶಿಲ್ಪಿ ಜಿಂಬಾಬ್ವೆಯ ಹರಾರೆಯಲ್ಲಿ ಈಸ್ಟ್‌ಗೇಟ್ ಎಂಬ ದೊಡ್ಡ ಕಟ್ಟಡದ ವಿನ್ಯಾಸ ಮಾಡಿದರು. 1996ರಲ್ಲಿ ಅದು ಮುಗಿಯಿತು. ಮಾಮೂಲಿ ಎಸಿ ಇಲ್ಲದೆ, ರಾತ್ರಿಯ ತಂಪು ಗಾಳಿಯನ್ನು ಒಳಗೆಳೆದು ಹಗಲಿಗೆ ಇಟ್ಟುಕೊಳ್ಳುತ್ತದೆ.

ಇದನ್ನೇಕೆ ಹೇಳುತ್ತಿದ್ದೇನೆಂದರೆ, ಈಗ ಶಾಲೆಗಳಿಗೂ 'ಸ್ಮಾರ್ಟ್' ಬಂದಿದೆ. ನಮ್ಮ ವರ್ಗದ ಗೋಡೆಗೆ ದೊಡ್ಡ ಟಿವಿ ಇದೆ, ತಲೆಯ ಮೇಲೆ ತಗಡು ಇದೆ. ಏಪ್ರಿಲ್ ಬಂತೆಂದರೆ ಹನ್ನೊಂದು ಗಂಟೆಗೇ ಮಕ್ಕಳು ಪಾಟಿಯಿಂದ ಗಾಳಿ ಬೀಸಿಕೊಳ್ಳುತ್ತಾರೆ. ಕರೆಂಟು ಇದ್ದಾಗ ಟಿವಿ ಹಚ್ಚಿದರೆ ಅದರಲ್ಲಿರುವ ಪಾಠವೂ ಕನ್ನಡದಲ್ಲಿ ಇರುವುದಿಲ್ಲ. ಅದೇ ಊರಿನ ಹಳೆಯ ಮಣ್ಣಿನ ಮಾಳಿಗೆ ಮನೆಗೆ ಹೋಗಿ ನೋಡಿ. ದಪ್ಪ ಗೋಡೆ, ಮೇಲೊಂದು ಬೆಳಕಿಂಡಿ, ಒಳಗೆ ತಂಪು. ನಮ್ಮ ಹಿರಿಯರು ಯಾವ ಆ್ಯಪ್ ನೋಡಿ ಅದನ್ನು ಕಟ್ಟಿದ್ದರು?

ಟಿವಿ ಬೇಡ ಎನ್ನುವವನು ನಾನಲ್ಲ. ಆದರೆ ಮೊದಲು ಸೂರು, ಕಿಟಕಿ, ಅಂಗಳದಲ್ಲಿ ನಾಲ್ಕು ಬೇವಿನ ಗಿಡ ಆಗಲಿ. ಆಮೇಲೆ ಕನ್ನಡ ಪಾಠ ತುಂಬಿದ ಟಿವಿ ಬರಲಿ. ಶಾಲೆ ಸಮಿತಿಯ ಸಭೆಯಲ್ಲಿ ಪಾಲಕರು ಈ ಕ್ರಮದಲ್ಲೇ ಕೇಳಬೇಕು. ಅರ್ಧ ಗೂಡು ನೋಡಿಯೇ ಹೌದು ಅಲ್ಲ ಎನ್ನುವ ಹೆಣ್ಣು ಗೀಜಗನಷ್ಟಾದರೂ ನಾವು ಪರೀಕ್ಷೆ ಮಾಡಬೇಡವೇ?

ನೀವೇನಂತೀರಿ?