ಕೆಂಪು ಕಣ್ಣಿಗೆ ಸಿಕ್ಕಸಿಕ್ಕ ಹನಿ ಹಾಕಬೇಡಿ



ಕಣ್ಣು ಕೆಂಪಾದರೆ ವೈದ್ಯರ ಚೀಟಿಯಿಲ್ಲದೆ ಔಷಧಿ ಅಂಗಡಿಯಿಂದ ಹನಿ ತಂದು ಹಾಕಿಕೊಳ್ಳುವ ರೂಢಿ ನಮ್ಮ ಬೆಂಗೇರಿಯಲ್ಲೂ ಇದೆ. ಜೋಳದ ರವದಿ ತಾಗಿ ಕಪ್ಪುಗುಡ್ಡೆಯ ಮೇಲೆ ಶಿಲೀಂಧ್ರದ ಹುಣ್ಣಾಗಿದ್ದರೆ, ಹಾಗೆ ತಂದ ಸ್ಟಿರಾಯ್ಡ್ ಹನಿ ಕೆಂಪನ್ನು ತಗ್ಗಿಸಿ ಹುಣ್ಣನ್ನು ಒಳಗೊಳಗೇ ಬೆಳೆಸುತ್ತದೆ. ದೃಷ್ಟಿಯೇ ಹೋಗಬಹುದು. ಇದು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ.

ಕಣ್ಣಿಗೆ ಸುಣ್ಣ ಸಿಡಿದರಂತೂ ವೈದ್ಯರಿಗಾಗಿ ಕಾಯಬಾರದು. ರೆಪ್ಪೆ ಬಿಡಿಸಿ ಅರ್ಧ ಗಂಟೆ ಶುದ್ಧ ನೀರು ಹರಿಸಿ, ಆಮೇಲೆ ಆಸ್ಪತ್ರೆಗೆ ಓಡಬೇಕು.

ನೇತ್ರವೈದ್ಯ ಡಾ. ಎಂ.ಸಿ. ಮೋದಿಯವರು ಊರೂರಲ್ಲಿ ಶಿಬಿರ ನಡೆಸಿ ಕಣ್ಣಿನ ಪೊರೆ ತೆಗೆದ ನಾಡಿದು. ಹುಬ್ಬಳ್ಳಿಯಲ್ಲೇ ಜನ ಕಿಮ್ಸ್ ಎನ್ನುವ ಸರ್ಕಾರಿ ಆಸ್ಪತ್ರೆ ಇದೆ, ಕಣ್ಣಿನ ಆಸ್ಪತ್ರೆಗಳಿವೆ; ಆದರೂ ಆ ರೂಢಿ ಉಳಿದಿದೆ. ಮಹಾನಗರ ಪಾಲಿಕೆ ಈ ಎರಡು ಎಚ್ಚರಿಕೆಗಳನ್ನು ಬೆಂಗೇರಿ ಸಂತೆಯಲ್ಲಿ ದೊಡ್ಡಕ್ಷರದಲ್ಲಿ ಬರೆಸಲಿ.

– ಓದುಗ, ಬೆಂಗೇರಿ, ಹುಬ್ಬಳ್ಳಿ