ಲಿಫ್ಟಿನ ರಿಜಿಸ್ಟರಿಗೆ ವಾಚ್‌ಮನ್ ಸಹಿ

ಬೆಂಗಳೂರಿನ ಆಡಳಿತ ಮತ್ತೊಮ್ಮೆ ಬದಲಾಗಿದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ಬಂದವು. ರಸ್ತೆ, ಕಸ, ತೆರಿಗೆಗಳ ಬಗ್ಗೆ ಚರ್ಚೆ ಧಾರಾಳವಾಗಿ ನಡೆದಿದೆ. ಆದರೆ ಕಟ್ಟಡದೊಳಗಿನ ಲಿಫ್ಟು, ಪಂಪು, ಜನರೇಟರುಗಳ ಮೇಲೆ ದಿನನಿತ್ಯ ಕಣ್ಣಿಡುವವರು ಯಾರು? ಈ ಪ್ರಶ್ನೆಗೆ ಯಾವ ಪಾಲಿಕೆಯೂ ಉತ್ತರ ಕೊಡಲಾರದು.

ಬನಶಂಕರಿ ಮೂರನೇ ಹಂತದ ಕಡೆಯ ಇಟ್ಟಮಡುವನ್ನೇ ತೆಗೆದುಕೊಳ್ಳೋಣ. ಕಿರಿದಾದ ಅಡ್ಡರಸ್ತೆಗಳು, ಒತ್ತೊತ್ತಾಗಿ ಎದ್ದ ಮೂರು ನಾಲ್ಕು ಅಂತಸ್ತಿನ ಮನೆಗಳು, ಚಿಕ್ಕ ಅಪಾರ್ಟ್‌ಮೆಂಟುಗಳು. ಕೆಲಸ ಹುಡುಕಿ ಹೋದ ನಮ್ಮ ಕರಾವಳಿಯ ಮಕ್ಕಳು ಬಾಡಿಗೆಗಿರುವುದು ಇಂಥ ಬಡಾವಣೆಗಳಲ್ಲೇ. ದೊಡ್ಡ ಸಮುಚ್ಚಯಗಳಲ್ಲಿ ಯಂತ್ರಗಳ ಉಸ್ತುವಾರಿಗೆ ಸೂಪರ್‌ವೈಸರ್ ಇರುತ್ತಾರೆ. ಹತ್ತು ಹನ್ನೆರಡು ಮನೆಗಳ ಕಟ್ಟಡಕ್ಕೆ ಸಾಮಾನ್ಯವಾಗಿ ಇರುವುದು ಒಂದು ಎ.ಎಂ.ಸಿ. ಕಾಗದ, ಒಬ್ಬ ವಾಚ್‌ಮನ್. ಲಿಫ್ಟ್ ಕಂಪೆನಿಯ ಹುಡುಗ ಬಂದು ಹೋಗುತ್ತಾನೆ, ವಾಚ್‌ಮನ್ ಸಹಿ ಹಾಕುತ್ತಾನೆ. ಬ್ರೇಕ್ ಹಿಡಿಯುತ್ತದೆಯೇ, ಉಕ್ಕಿನ ಹಗ್ಗದ ಎಳೆಗಳು ಕಡಿದಿವೆಯೇ, ಬಾಗಿಲು ಪೂರ್ತಿ ಮುಚ್ಚದಿದ್ದರೆ ಲಿಫ್ಟ್ ಹೊರಡದಂತೆ ತಡೆಯುವ ಇಂಟರ್‌ಲಾಕ್ ಸರಿಯಿದೆಯೇ, ಕರೆಂಟು ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ನಿಲ್ಲಿಸುವ ಸಾಧನದ ಬ್ಯಾಟರಿಯಲ್ಲಿ ಜೀವವಿದೆಯೇ? ಸಹಿ ಹಾಕಿದವನಿಗೆ ತಿಳಿಯದು. ಅವನಿಗೆ ತಿಳಿದಿರಬೇಕೆಂದು ಬಯಸುವುದೂ ಅನ್ಯಾಯವೇ. ಲಿಫ್ಟುಗಳಿಗೆ ರಾಜ್ಯದಲ್ಲಿ 2012ರ ಕಾಯಿದೆಯಿದೆ, ಪರವಾನಗಿ ಬೇಕು, ವಿದ್ಯುತ್ ಪರಿವೀಕ್ಷಣಾಲಯದ ತಪಾಸಣೆಯೂ ಉಂಟು. ಆದರೆ ಅಧಿಕಾರಿ ಬರುವುದು ಒಂದು ದಿನ; ಲಿಫ್ಟು ಓಡುವುದು ವರ್ಷವಿಡೀ.

ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ದುರಂತವನ್ನು ಬೆಂಗಳೂರು ಮರೆಯಬಾರದು. 2010ರ ಫೆಬ್ರವರಿ 23ರಂದು ಅಲ್ಲಿ 9 ಮಂದಿ ಸತ್ತರು. ವಿದ್ಯುತ್ ಶಾಫ್ಟಿನ ಬೆಂಕಿಯಿಂದ ಎದ್ದ ಹೊಗೆ ಮಹಡಿಗಳಿಗೆ ತುಂಬಿತು, ಪಾರಾಗುವ ದಾರಿಗೆ ಬೀಗವಿತ್ತು, ಉಸಿರುಗಟ್ಟಿದವರು ಕಿಟಕಿಯಿಂದ ಹಾರಿದರು. ಶಾಫ್ಟಿನ ತೂತು ಮುಚ್ಚಿಸುವುದು, ಬೀಗ ತೆಗೆಸುವುದು ಕೋಟಿ ರೂಪಾಯಿಯ ಯೋಜನೆಯೇನಲ್ಲ, ವಾರಕ್ಕೊಮ್ಮೆ ಕಟ್ಟಡ ಸುತ್ತಿ ಬರುವ ಸೂಪರ್‌ವೈಸರನ ಕೆಲಸ. ಬೆಂಕಿ ನಂದಿಸುವ ಪಂಪಿನ ವಾಲ್ವ್ ಸೋರುತ್ತದೆಂದು ಮುಚ್ಚಿ, ಮತ್ತೆ ತೆರೆಯಲು ಮರೆತರೆ ಅದನ್ನು ಕಂಡುಹಿಡಿಯಬೇಕಾದವನೂ ಅವನೇ.

ಅವನಿಗೆ 'ಬೇಡ' ಎನ್ನುವ ಅಧಿಕಾರವೂ ಇರಬೇಕು. 2018ರ ಜನವರಿಯಲ್ಲಿ ಎಚ್‌ಎಸ್‌ಆರ್ ಬಡಾವಣೆ ಬಳಿಯ ಸೋಮಸುಂದರಪಾಳ್ಯದಲ್ಲಿ ಅಪಾರ್ಟ್‌ಮೆಂಟೊಂದರ ಕೊಳಚೆನೀರು ಶುದ್ಧೀಕರಣ ಘಟಕದಲ್ಲಿ ಮೂವರು ಉಸಿರುಗಟ್ಟಿ ಸತ್ತರು. ಅಂಥ ತೊಟ್ಟಿಗೆ ಜನರನ್ನು ಇಳಿಸುವುದನ್ನು ಕಾನೂನು 2013ರಲ್ಲೇ ತಡೆದಿತ್ತು. ಬಾಯಿಯ ಬಳಿ ನಿಂತು ತಡೆಯುವವರೂ ಬೇಕಲ್ಲ? ಲಿಫ್ಟ್ ಎರಡು ದಿನ ನಿಲ್ಲಿಸಿದರೆ ನಾಲ್ಕನೇ ಮಹಡಿಯವರು ಬೈಯುತ್ತಾರೆ. ಆ ಬೈಗುಳಕ್ಕೆ ಅಂಜಿ ಲಿಫ್ಟ್ ಓಡಿಸುವವನನ್ನು ಸೂಪರ್‌ವೈಸರ್ ಎನ್ನಲಾಗದು.

ಹನ್ನೆರಡು ಮನೆಯವರು ಅವನ ಸಂಬಳ ಹೊರಲಾರರು, ನಿಜ. ಇಟ್ಟಮಡುವಿನಂಥ ಕಡೆ ಕಟ್ಟಡಗಳು ಅಕ್ಕಪಕ್ಕದಲ್ಲೇ ಇವೆ. ಒಂದೇ ಅಡ್ಡರಸ್ತೆಯ ಐದಾರು ಕಟ್ಟಡಗಳು ಸೇರಿ ಡಿಪ್ಲೊಮಾ ಓದಿದ, ಅನುಭವಿ ಒಬ್ಬನನ್ನು ನೇಮಿಸಿಕೊಂಡರೆ ಹೊರೆ ಹಂಚಿಹೋಗುತ್ತದೆ. ಕಂಪೆನಿಯವನು ಬಂದಾಗ ಅವನು ಜೊತೆಗೆ ನಿಲ್ಲಲಿ, ಹಾಕಿದ ಬಿಡಿಭಾಗವನ್ನು ಕಣ್ಣಾರೆ ನೋಡಲಿ, ಬಿಚ್ಚಿದ ಹಳೆಯದನ್ನು ಕೇಳಿ ಪಡೆಯಲಿ, ಆಮೇಲೆ ಸಹಿ ಹಾಕಲಿ. ಅಲ್ಲಿಯವರೆಗೆ ಮಾಲೀಕರಲ್ಲೊಬ್ಬರು ಸರದಿಯ ಮೇಲೆ ಆ ಹೊತ್ತಿಗೆ ಕೆಳಗಿಳಿದು ಬರಬಹುದು. ಲಿಫ್ಟ್ ಇರುವ ನಮ್ಮ ಶಾಲೆ, ಸಭಾಭವನಗಳಲ್ಲೂ ರಿಜಿಸ್ಟರಿನ ಕೊನೆಯ ಸಹಿ ಯಾರದ್ದೆಂದು ಈ ವಾರ ತೆರೆದು ನೋಡಬಹುದು.