‘ಗೊತ್ತಿರಲಿಲ್ಲ’ ಎಂಬ ಸುಳ್ಳು

ವಿಷದಿಂದ ಜನ ನರಳಿದ ಕಡೆಯಲ್ಲೆಲ್ಲ ಒಂದು ಮಾತು ಕೇಳಿಬರುತ್ತದೆ: ‘ಆಗ ನಮಗೆ ಗೊತ್ತಿರಲಿಲ್ಲ.’ ಸರ್ಕಾರಗಳು, ಕಂಪನಿಗಳು, ನನ್ನಂಥ ಕೃಷಿ ವಿಜ್ಞಾನಿಗಳು ಎಲ್ಲರೂ ಈ ಮಾತಿನ ಮರೆಯಲ್ಲಿ ನಿಲ್ಲುತ್ತೇವೆ. ಇದು ಎಷ್ಟು ಪೊಳ್ಳೆಂದು ತಿಳಿಯಲು ಕೆರಿಬಿಯನ್ ಸಮುದ್ರದ ಎರಡು ದ್ವೀಪಗಳ ಕಥೆ ಸಾಕು.

ಮಾರ್ಟಿನಿಕ್ ಮತ್ತು ಗ್ವಾಡಲೂಪ್ ಫ್ರಾನ್ಸಿಗೆ ಸೇರಿದ ದ್ವೀಪಗಳು. ಅಲ್ಲಿನ ಬಹುಪಾಲು ಜನ ಕಬ್ಬಿನ ತೋಟಗಳಿಗೆ ಗುಲಾಮರಾಗಿ ತಂದ ಆಫ್ರಿಕನ್ನರ ಸಂತತಿಯವರು. ಬಾಳೆಯ ಗಡ್ಡೆ ಕೊರೆಯುವ ಮೂತಿಹುಳುವನ್ನು ಕೊಲ್ಲಲು 1972ರಿಂದ ಅಲ್ಲಿ ಕ್ಲೋರ್ಡಿಕೋನ್ ಎಂಬ ಕೀಟನಾಶಕದ ಬಳಕೆ ಮೊದಲಾಯಿತು. ಬುಡಬುಡಕ್ಕೆ ಆ ಪುಡಿಯನ್ನು ಬರಿಗೈಯಲ್ಲಿ ಹಾಕಿದವರು ಕೂಲಿಕಾರರು. 1974ರಲ್ಲಿ ಮಾರ್ಟಿನಿಕ್‌ನ ಕೂಲಿಕಾರರು ಮುಷ್ಕರ ಹೂಡಿದಾಗ, ಕೂಲಿ ಹೆಚ್ಚಿಸಿರೆಂಬುದರ ಜೊತೆಗೆ ಈ ವಿಷವನ್ನು ನಿಲ್ಲಿಸಿರೆಂದೂ ಕೇಳಿದರು. ಅವರಿಗೆ ದೊರೆತ ಉತ್ತರ ಗುಂಡೇಟು. ಮರುವರ್ಷವೇ ಅಮೆರಿಕದ ವರ್ಜೀನಿಯಾದಲ್ಲಿ ಇದನ್ನು ತಯಾರಿಸುತ್ತಿದ್ದ ಕಾರ್ಖಾನೆಯ ಕಾರ್ಮಿಕರು ಮೈನಡುಕದಿಂದ ಆಸ್ಪತ್ರೆ ಸೇರಿದರು, ಕಾರ್ಖಾನೆ ಮುಚ್ಚಿತು. ಇದು ಕ್ಯಾನ್ಸರ್ ತರಬಹುದೆಂದು 1979ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿತು. ಇಷ್ಟಾದ ಮೇಲೂ 1981ರಲ್ಲಿ ಫ್ರಾನ್ಸ್ ಹೊಸದಾಗಿ ಅನುಮತಿ ಕೊಟ್ಟಿತು! 1990ರಲ್ಲಿ ನಿಷೇಧಿಸಿದರೂ ದ್ವೀಪಗಳಿಗೆ ಮಾತ್ರ 1993ರವರೆಗೆ ವಿನಾಯಿತಿ ನೀಡಿತು. ಅಲ್ಲಿಯ ಜನರ ಜೀವಕ್ಕೆ ಬೇರೆ ಬೆಲೆಯೇ?

ಮಣ್ಣು ಈ ವಿಷವನ್ನು ಬಿಡಲೊಲ್ಲದು. ಗೆಣಸು, ಕೆಸುವಿನ ಗಡ್ಡೆಗಳೊಳಗೆ ಅದು ಸೇರಿತು. ತೊರೆಗಳಲ್ಲಿ ಹರಿದು ಮೀನಿಗೂ ತಗಲಿತು. ಇಂದು ಅಲ್ಲಿನ ವಯಸ್ಕರಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಅದರ ಅಂಶವಿದೆ. ಜನಸಂಘಟನೆಗಳು 2006ರಲ್ಲಿ ಹೂಡಿದ ಮೊಕದ್ದಮೆಯನ್ನು 2023ರ ಜನವರಿಯಲ್ಲಿ ನ್ಯಾಯಾಧೀಶರು, ಯಾರ ಮೇಲೂ ಆರೋಪ ಹೊರಿಸದೆ, ಮುಕ್ತಾಯಗೊಳಿಸಿದರು. ಕಾಲ ಮೀರಿತೆಂಬುದು ಅವರು ಕೊಟ್ಟ ಕಾರಣಗಳಲ್ಲೊಂದು. ಮಣ್ಣಿನಲ್ಲಿ ಇನ್ನೂ ಮುಗಿಯದ ಅಪರಾಧ ಕಡತದಲ್ಲಿ ಮುಗಿದುಹೋಯಿತು!

ಇದು ದೂರದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ಕಾಸರಗೋಡಿನ ಗೇರು ನೆಡುತೋಪುಗಳ ಮೇಲೆ ಎರಡು ದಶಕಗಳಷ್ಟು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ನೆರೆಯ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳೂ ಇದರಿಂದ ಪಾರಾಗಲಿಲ್ಲ. ಅಲ್ಲಿಯೂ ಮೊದಲು ಕಂಡವರು, ಮೊದಲು ಕೂಗಿದವರು ಹಳ್ಳಿಗರು. ‘ಪುರಾವೆ ಎಲ್ಲಿ?’ ಎಂದು ಅವರನ್ನೇ ಕೇಳಿದವರು ನಾವು, ಓದಿದವರು. 2011ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಅದು ಸೇರಿ, ನಮ್ಮ ಸುಪ್ರೀಂ ಕೋರ್ಟ್ ತಡೆ ನೀಡುವ ಹೊತ್ತಿಗೆ ಒಂದು ತಲೆಮಾರೇ ಬೆಲೆ ತೆತ್ತಿತ್ತು.

ಹಾಗಾದರೆ ‘ಗೊತ್ತಿರಲಿಲ್ಲ’ ಎಂಬುದರ ನಿಜವಾದ ಅರ್ಥವೇನು? ಗೊತ್ತಿದ್ದವರು ಕೂಲಿಕಾರರಾಗಿದ್ದರು, ಅವರ ಅರಿವನ್ನು ನಾವು ಅರಿವೆಂದು ಎಣಿಸಲಿಲ್ಲ. ನನ್ನ ವೃತ್ತಿಯ ದೊಡ್ಡ ಪಾಪವೇ ಇದು. ಇಳುವರಿಯನ್ನು ಅಳೆದೆವು, ಹುಳುಗಳನ್ನು ಎಣಿಸಿದೆವು; ಸಿಂಪಡಿಸುವವನ ಕೈಯನ್ನು ನೋಡಲಿಲ್ಲ.

ಸ್ವಚ್ಛ, ಆರೋಗ್ಯಕರ ಪರಿಸರ ಮನುಷ್ಯನ ಹಕ್ಕೆಂದು 2022ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಘೋಷಿಸಿದೆ. ಕೇಳುವವರಿಲ್ಲದಿದ್ದರೆ ಅದು ಬರಿಯ ಕಾಗದ. ಆದ್ದರಿಂದ ಕೇಳೋಣ. ಕಾಫಿ, ಅಡಿಕೆ, ಏಲಕ್ಕಿ ತೋಟಗಳಲ್ಲಿ ಔಷಧಿ ಹೊಡೆಯುವ ಮುನ್ನ ಡಬ್ಬಿಯ ಮೇಲಿನ ಕೆಂಪು, ಹಳದಿ ಗುರುತುಗಳ ಅರ್ಥವನ್ನು ಕೂಲಿಕಾರರಿಗೆ ಕನ್ನಡದಲ್ಲಿ ಹೇಳಿದ್ದಾರೆಯೇ? ಕೈಗವಸು, ಮುಖಗವಸು ಕೊಟ್ಟಿದ್ದಾರೆಯೇ? ಹಳ್ಳದ ನೀರನ್ನು ಪರೀಕ್ಷಿಸಿದವರು ಯಾರು? ವಿದ್ಯಾರ್ಥಿಗಳೇ, ಈ ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಎತ್ತಿರಿ, ಉತ್ತರವನ್ನು ಬರೆದಿಡಿರಿ. ನಾಳೆ ಯಾರೂ ‘ಗೊತ್ತಿರಲಿಲ್ಲ’ ಎನ್ನದಿರಲಿ.